‘ಲಟಕ್’ ಎಂದರೆ ಮೂಳೆ ಕೂತಿತು ಎಂದಲ್ಲ

ಕೈರೋಪ್ರ್ಯಾಕ್ಟಿಕ್ ಚಿಕಿತ್ಸೆಯ ವಿಡಿಯೊ ನೋಡದವರು ಈಗ ಕಡಿಮೆ. ಬೆನ್ನಿಗೊಂದು ಒತ್ತು, ‘ಲಟಕ್’ ಎಂಬ ಸದ್ದು, ರೋಗಿಯ ಮುಖದಲ್ಲಿ ನೆಮ್ಮದಿ. ಜರುಗಿದ್ದ ಮೂಳೆ ಜಾಗಕ್ಕೆ ಬಂತೆಂದೇ ನೋಡಿದವರು ನಂಬುತ್ತಾರೆ. ಒಳಗೆ ನಡೆಯುವುದು ಬೇರೆಯೇ.

ಬೆನ್ನುಮೂಳೆಯಲ್ಲಿ ಅಲುಗಾಡುವ ಮಣಿಗಳು 24: ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಮಣಿ ಮಣಿಯ ನಡುವೆ ಹಿಂಬದಿಯಲ್ಲಿ ಚಿಕ್ಕ ಕೀಲುಗಳಿವೆ, ಅವುಗಳೊಳಗೆ ಜಿಗುಟಾದ ದ್ರವ. ಸೊಂಟನೋವಿನವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಚಿಸುತ್ತಾರೆ. ಚಿಕಿತ್ಸಕರ ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ. ಕೀಲು ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಿ ಥಟ್ಟನೆ ಒಂದು ಚಿಕ್ಕ ಒತ್ತು ಕೊಡುತ್ತಾರೆ. ಕೀಲಿನ ಎರಡು ಮೈಗಳು ದೂರ ಸರಿದು ಒಳಗಿನ ಒತ್ತಡ ಇಳಿಯುತ್ತದೆ, ದ್ರವದಲ್ಲಿ ಅನಿಲದ ಗುಳ್ಳೆ ಮೂಡುತ್ತದೆ. ಸದ್ದು ಅದರದು. ಬೆರಳಿನ ನೆಟಿಕೆ ಮುರಿದಾಗಲೂ ಇದೇ ಆಗುವುದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಎಂಆರ್‌ಐನಲ್ಲಿ ಇದನ್ನು ಸೆರೆಹಿಡಿದು ತೋರಿಸಿದರು. ಬಿಗಿದ ಸ್ನಾಯು ಸಡಿಲಗೊಂಡು ನೋವು ತಗ್ಗಬಹುದು. ಮೂಳೆ ಮಾತ್ರ ಮೊದಲಿದ್ದಲ್ಲೇ ಇರುತ್ತದೆ.

ಈ ಪದ್ಧತಿ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್‌ನಲ್ಲಿ. ಬೆನ್ನುಮಣಿ ಒತ್ತಿ ಒಬ್ಬರ ಕಿವುಡು ವಾಸಿ ಮಾಡಿದೆ ಎಂದ ಡೇನಿಯಲ್ ಡೇವಿಡ್ ಪಾಮರ್, ಬಹುಪಾಲು ಕಾಯಿಲೆಗಳಿಗೆ ಜರುಗಿದ ಮಣಿಗಳೇ ಮೂಲ ಎಂದೂ ಸಾರಿದರು. ಆ ವಾದ ವಿಜ್ಞಾನದ ಮುಂದೆ ನಿಲ್ಲಲಿಲ್ಲ. ಆದರೆ ಸೊಂಟನೋವಿನ ಮಟ್ಟಿಗೆ ಈ ಕೈಚಳಕಕ್ಕೆ ಜಾಗವಿದೆ. ಹೊಸದಾಗಿ ಬಂದ ಸೊಂಟನೋವಿಗೆ ಮಾತ್ರೆಗೆ ಮುಂಚೆ ಶಾಖ, ಮಸಾಜು, ಬೆನ್ನಿನ ಕೀಲುಗಳಿಗೆ ಕೈಚಿಕಿತ್ಸೆ ಇಂಥವನ್ನು ನೋಡಬಹುದು ಎಂದು ಅಮೆರಿಕದ ವೈದ್ಯರ ಸಂಘಟನೆ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2017ರ ಮಾರ್ಗಸೂಚಿಯಲ್ಲಿ ಹೇಳಿದೆ. ಇಂಥ ನೋವು ಬಹಳಷ್ಟು ಜನರಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದನ್ನೂ ಅದು ಮರೆತಿಲ್ಲ. ಹಾಗಾಗಿ ‘ಬೆನ್ನು ನೆಟ್ಟಗಿರಲು ವರ್ಷವಿಡೀ ಬನ್ನಿ’ ಎಂಬ ಪ್ಯಾಕೇಜುಗಳಿಗೆ ದುಡ್ಡು ಸುರಿಯಬೇಕಿಲ್ಲ.

ಬೆನ್ನು ಕೋಲಿನಂತೆ ನೇರವಾಗಿರುವುದೂ ಇಲ್ಲ. ಕತ್ತು, ಬೆನ್ನು, ಸೊಂಟದಲ್ಲಿ ಸಹಜ ಬಾಗುಗಳಿವೆ. ಅವನ್ನು ಹಿಡಿದಿಡುವುದು ಹೊಟ್ಟೆ, ಬೆನ್ನು, ಪೃಷ್ಠದ ಸ್ನಾಯುಗಳು. ಈ ಸ್ನಾಯುಗಳು ಗಟ್ಟಿಯಾಗಲು ಚಾಪೆಯ ಮೇಲೆ ಮಂಡಿ ಮತ್ತು ಅಂಗೈ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಕೆಲವು ಸೆಕೆಂಡು ನಿಲ್ಲಿ. ಸೊಂಟ ಓಲಬಾರದು. ಆಮೇಲೆ ಇನ್ನೊಂದು ಬದಿ. ಕುರ್ಚಿ ಎಷ್ಟೇ ದುಬಾರಿಯದಾಗಿರಲಿ, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಕತ್ತಿನ ವಿಷಯದಲ್ಲಿ ಸಲಿಗೆ ಬೇಡ. ಮೆದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಮಣಿಗಳ ರಂಧ್ರಗಳೊಳಗಿಂದಲೇ ಸಾಗುತ್ತವೆ. ಜೋರಾಗಿ ತಿರುಚಿದರೆ ಧಮನಿಯ ಒಳಪದರ ಸೀಳಿ ಪಾರ್ಶ್ವವಾಯು ಬಡಿಯಬಹುದು. ಅಪರೂಪ, ನಿಜ, ಆದರೆ ಬಡಿದರೆ ಬದುಕೇ ಬದಲಾಗುತ್ತದೆ. ಮೂಳೆ ಸವೆದವರು, ಕ್ಯಾನ್ಸರ್ ಇರುವವರು, ಪೆಟ್ಟು ಬಿದ್ದವರು ವೈದ್ಯರನ್ನು ಕೇಳದೆ ಬೆನ್ನನ್ನೂ ಒತ್ತಿಸಿಕೊಳ್ಳಬಾರದು. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಕೊನೆಗೆ ಕತ್ತು ತಿರುಚಲು ಬಂದರೆ, ದಾಕ್ಷಿಣ್ಯ ಬಿಟ್ಟು ಬೇಡ ಎನ್ನಿ.