ಗಾಲ್ಫ್ ಎಂಬ ಗೀಳು

ಸಾಹಿತ್ಯ ಕೂಟದ ಓಲೆಯಲ್ಲಿ ಗಾಲ್ಫಿಗೇನು ಕೆಲಸ ಎಂದು ಹುಬ್ಬೇರಿಸುವ ಓದುಗ ಮಿತ್ರರಿಗೆ ಮೊದಲೇ ಒಂದು ಸಮಜಾಯಿಷಿ. ಇಂಗ್ಲಿಷಿನ ಹಾಸ್ಯ ಲೇಖಕ ಪಿ. ಜಿ. ವುಡ್‌ಹೌಸ್ 1922ರಲ್ಲಿ ‘ದಿ ಕ್ಲಿಕಿಂಗ್ ಆಫ್ ಕತ್‌ಬರ್ಟ್’ ಎಂಬ ಕಥಾಸಂಕಲನ ತಂದ. ಅದರ ಮೊದಲ ಕಥೆಯಲ್ಲಿ ಒಂದು ಕಡೆ ಊರಿನ ಸಾಹಿತ್ಯ ಕೂಟ, ಇನ್ನೊಂದು ಕಡೆ ಗಾಲ್ಫ್ ಆಡುವ ಮಂದಿ; ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಗಾಲ್ಫ್ ಬಿಟ್ಟರೆ ಬೇರೇನೂ ಅರಿಯದ ತರುಣನೊಬ್ಬ ಸಾಹಿತ್ಯ ಕೂಟದ ತರುಣಿಯನ್ನು ಮೆಚ್ಚಿ, ಅವಳ ಸಲುವಾಗಿ ಉಪನ್ಯಾಸಗಳನ್ನೆಲ್ಲ ಸಹಿಸಿಕೊಂಡು ಮೂಲೆಯಲ್ಲಿ ಕೂರುತ್ತಾನೆ. ಒಂದು ದಿನ ಘನಗಂಭೀರ ರಷ್ಯನ್ ಕಾದಂಬರಿಕಾರನೊಬ್ಬ ಅತಿಥಿಯಾಗಿ ಬರುತ್ತಾನೆ. ಬಂದವನು ಅಲ್ಲಿನ ಉದಯೋನ್ಮುಖ ಲೇಖಕನನ್ನು ಲೆಕ್ಕಕ್ಕೇ ಇಡದೆ, ಮೂಲೆಯ ಹುಡುಗನನ್ನು ಗುರುತಿಸಿ ಪುಳಕಗೊಳ್ಳುತ್ತಾನೆ. ಏಕೆಂದರೆ ಆ ಮಹಾಶಯನೂ ಗಾಲ್ಫ್ ಹುಚ್ಚ! ಕಥೆಯ ಮಾತು ಹಾಗಿರಲಿ, ವುಡ್‌ಹೌಸ್ ಸ್ವತಃ ಈ ಆಟದ ಮೋಹಿ. ಅಮೆರಿಕದ ಕಾದಂಬರಿಕಾರ ಜಾನ್ ಅಪ್‌ಡೈಕ್ ತನ್ನ ಗಾಲ್ಫ್ ಬರಹಗಳನ್ನೇ ಒಟ್ಟುಮಾಡಿ 1996ರಲ್ಲಿ ‘ಗಾಲ್ಫ್ ಡ್ರೀಮ್ಸ್’ ಎಂಬ ಪುಸ್ತಕ ಪ್ರಕಟಿಸಿದ. ಹಾಗಾಗಿ ಈ ವಿಷಯಕ್ಕೆ ನಮ್ಮ ಓಲೆಯಲ್ಲಿ ಎರಡು ಪುಟ ಕೊಟ್ಟರೆ ಸರಸ್ವತಿ ಮುನಿಸಿಕೊಳ್ಳಲಾರಳು.

ಬರೆಯಲು ಇನ್ನೊಂದು ಕಾರಣವೂ ಇದೆ. ಹಿಮ ಕರಗಿ ಹುಲ್ಲು ಚಿಗುರಿತೆಂದರೆ ನಮ್ಮ ಶನಿವಾರದ ಓದಿನ ಕೂಟಕ್ಕೆ ಬರುವವರ ಸಂಖ್ಯೆ ಇಳಿಯುತ್ತದೆ. ಹೋದವರೆಲ್ಲ ಎಲ್ಲಿಗೆ ಹೋದರೆಂದು ಅವರ ಮನೆಯವರನ್ನು ಕೇಳಿ, ಉತ್ತರ ಸಿಗುತ್ತದೆ. ಜತೆಗೆ ಒಂದು ನಿಟ್ಟುಸಿರು: “ಅದರಲ್ಲಿ ಅಂಥದ್ದೇನಿದೆಯೋ, ನನಗಂತೂ ಅರ್ಥವಾಗೋಲ್ಲ.” ಈ ಲೇಖನ ಮುಖ್ಯವಾಗಿ ಆ ನಿಟ್ಟುಸಿರು ಬಿಡುವವರಿಗಾಗಿ.

ಮೊದಲು ಆಟ. ಬಾಲ್ಯದಲ್ಲಿ ಗೋಲಿಯನ್ನು ಗುಳಿಗೆ ಬೀಳಿಸಿದವರಿಗೆ, ಚಿನ್ನಿದಾಂಡು ಆಡಿ ಚಿನ್ನಿಯನ್ನು ಪಕ್ಕದ ಮನೆಯ ಹಿತ್ತಲಿಗೆ ಹಾರಿಸಿದವರಿಗೆ ಇದನ್ನು ವಿವರಿಸುವುದು ಸುಲಭ: ಎರಡನ್ನೂ ಸೇರಿಸಿ ಮೈಲುಗಟ್ಟಲೆ ಹಿಗ್ಗಿಸಿದರೆ ಗಾಲ್ಫ್. ಚೆಂಡಿನ ಅಡ್ಡಳತೆ 1.68 ಅಂಗುಲಕ್ಕೆ ಕಡಿಮೆ ಇರಬಾರದು, ಗುಳಿಯ ಅಡ್ಡಳತೆ ನಾಲ್ಕೂಕಾಲು ಅಂಗುಲ. ಗುಳಿ ಕೆಲವೊಮ್ಮೆ ನಾನೂರು ಐನೂರು ಗಜ ದೂರದಲ್ಲಿರುತ್ತದೆ. ಇಂಥ ಹದಿನೆಂಟು ಗುಳಿಗಳಿಗೆ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಮುಟ್ಟಿಸಬೇಕು. ಪಳಗಿದ ಆಟಗಾರನಿಗೆ ಸುಮಾರು 72 ಹೊಡೆತ ಸಾಕು ಎಂಬುದು ಲೆಕ್ಕ; ನಮ್ಮ ನಿಮ್ಮಂಥವರಿಗೆ ನೂರೂ ಸಾಲದು. ಹದಿನೆಂಟರ ಸಂಖ್ಯೆಯಲ್ಲಿ ಪುರಾಣವೇನೂ ಇಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 22 ಇದ್ದದ್ದನ್ನು 1764ರಲ್ಲಿ 18ಕ್ಕೆ ಇಳಿಸಿದರು, ಮಿಕ್ಕವರು ಕ್ರಮೇಣ ಅದನ್ನೇ ಅನುಸರಿಸಿದರು.

ಈ ಆಟದ ಗೀಳು ಹೊಸತಲ್ಲ. 1457ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸ್, ಪ್ರಜೆಗಳು ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಕೆಡುತ್ತಿದ್ದಾರೆಂದು ಗಾಲ್ಫನ್ನೂ ಫುಟ್ಬಾಲನ್ನೂ ನಿಷೇಧಿಸಿದ. ಅವನ ಮೊಮ್ಮಗ ನಾಲ್ಕನೆಯ ಜೇಮ್ಸ್ 1502ರಲ್ಲಿ ತಾನೇ ಗಾಲ್ಫ್ ಕೋಲುಗಳನ್ನು ಕೊಂಡ. ಅದೂ ಯಾರಿಂದ? ಬಿಲ್ಲು ಮಾಡುವವನಿಂದ! ಅಜ್ಜನ ಕಟ್ಟಳೆ ಮೊಮ್ಮಗನ ಚಟದ ಮುಂದೆ ಎಷ್ಟು ದಿನ ನಿಂತೀತು?

ಸರಿ, ಜನರಿಗೆ ಇದರ ಮೇಲೆ ಇಷ್ಟು ಮೋಹವೇಕೆ? ಒಂದು ಚಿಕ್ಕ ಲೆಕ್ಕದಿಂದ ಶುರುಮಾಡೋಣ. ಒಂದು ಸುತ್ತಿನ ಆಟಕ್ಕೆ ನಾಲ್ಕು, ನಾಲ್ಕೂವರೆ ಗಂಟೆ ಬೇಕು. ಕೋಲು ಬೀಸಿ ಹೊಡೆಯಲು ಹಿಡಿಯುವ ಸಮಯ ಹೆಚ್ಚೆಂದರೆ ಎರಡು ಸೆಕೆಂಡು. ತೊಂಬತ್ತು ಹೊಡೆತಕ್ಕೆ 180 ಸೆಕೆಂಡು, ಅಂದರೆ ಮೂರೇ ನಿಮಿಷ. ಉಳಿದ ನಾಲ್ಕು ಗಂಟೆ ನಡೆಯುವುದು, ಹಿಂದಿನ ಹೊಡೆತಕ್ಕೆ ಕೊರಗುವುದು, ಮುಂದಿನದಕ್ಕೆ ಮಂಡಿಗೆ ತಿನ್ನುವುದು. ಕ್ರಿಕೆಟ್ಟಿನಲ್ಲಿ ಚೆಂಡು ನಮ್ಮ ಮೇಲೆ ಎರಗಿ ಬರುತ್ತದೆ. ಯೋಚಿಸಲು ಪುರುಸೊತ್ತಿಲ್ಲ, ಕೈ ತಾನಾಗಿ ಆಡುತ್ತದೆ. ಔಟಾದರೆ ಬೌಲರನ್ನೋ ಅಂಪೈರನ್ನೋ ದೂರಬಹುದು. ಗಾಲ್ಫಿನಲ್ಲಿ ಚೆಂಡು ಪರಮ ಸಾಧುವಾಗಿ ನೆಲದ ಮೇಲೆ ಕೂತಿರುತ್ತದೆ. ಎದುರಾಳಿ ಅದನ್ನು ಮುಟ್ಟುವಂತಿಲ್ಲ. ಹೊಡೆತ ಕೆಟ್ಟರೆ ಕೆಡಿಸಿದವರು ನಾವೇ. ಆಫೀಸಿನಲ್ಲಿ, ಮನೆಯಲ್ಲಿ, ಯಾವ ಸೋಲಿಗೂ ಹತ್ತು ಕಾರಣ, ಹತ್ತು ಪಾಲುದಾರರು. ಇಲ್ಲಿ ಕಾರಣ ಒಂದೇ. ಅದು ಕಹಿಯೂ ಹೌದು, ವಿಚಿತ್ರವಾದ ನೆಮ್ಮದಿಯೂ ಹೌದು.

ಎರಡನೆಯದು ಆಸೆ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧ. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಗುವ ಪಕ್ಷಿ, ಕಾಳು ನಿಂತೊಡನೆ ಬೇಗ ಕೈಬಿಡುತ್ತದೆ. ಯಾವಾಗಲೋ ಒಮ್ಮೆ, ಲೆಕ್ಕಕ್ಕೆ ಸಿಗದಂತೆ ಕಾಳು ಸಿಗುವ ಪಕ್ಷಿ ಮಾತ್ರ ಬಿಡದೆ ಕುಕ್ಕುತ್ತಲೇ ಇರುತ್ತದೆ. ಗಾಲ್ಫಿಗನೂ ಅದೇ ಜಾತಿಯ ಪಕ್ಷಿ. ಎಂಬತ್ತೊಂಬತ್ತು ಹೊಡೆತ ಪೊದೆ, ಮರಳು, ಕೊಳ ಎಂದು ಅಲೆದಾಡಿದ ಮೇಲೆ ತೊಂಬತ್ತನೆಯದು ಕೋಲಿನ ನಟ್ಟನಡುವೆ ತಾಗುತ್ತದೆ. ಆಗ ಕೈಗೆ ತಾಗಿದ್ದೇ ತಿಳಿಯುವುದಿಲ್ಲ. ಹಿತವಾದ ಒಂದು ಸದ್ದು, ಚೆಂಡು ನೀಲಿಯಲ್ಲಿ ಏರಿ, ಅರೆಕ್ಷಣ ನಿಂತಂತೆ ಕಂಡು, ನೋಡಿದ ಜಾಗದಲ್ಲೇ ಇಳಿಯುತ್ತದೆ. ಅಷ್ಟು ಸಾಕು, ಮುಂದಿನ ಶನಿವಾರಕ್ಕೆ ಹಾಜರಿ ಗ್ಯಾರಂಟಿ.

ಇಲ್ಲೊಂದು ಸೂಕ್ಷ್ಮವಿದೆ. ನಾವು ಯಾರೂ ವೇಗದ ಬೌಲರಿಗೆ ತೆಂಡೂಲ್ಕರನಂತೆ ಒಂದು ಚೆಂಡನ್ನೂ ಆಡಲಾರೆವು. ಆದರೆ ಗಾಲ್ಫಿನಲ್ಲಿ ಒಂದು ಹೊಡೆತ, ಒಂದೇ ಒಂದು, ಯಾವ ಚಾಂಪಿಯನ್ನನ ಹೊಡೆತಕ್ಕೂ ಕಡಿಮೆಯಿಲ್ಲದಂತೆ ಬೀಳಬಹುದು. ಅತ್ತ ಚಾಂಪಿಯನ್ನರ ಕಥೆಯೇನು? ಅಮೆರಿಕದ ವೃತ್ತಿಪರರ ಪಂದ್ಯಗಳ ಅಂಕಿ ಅಂಶದಂತೆ ಎಂಟು ಅಡಿ ದೂರದಿಂದ ಗುಳಿಗೆ ತಳ್ಳುವ ಚೆಂಡುಗಳಲ್ಲಿ ಅವರಿಗೂ ಹೆಚ್ಚುಕಡಿಮೆ ಅರ್ಧ ತಪ್ಪುತ್ತವೆ. ದೇವರುಗಳೂ ಎಡವುವ ಆಟವೆಂದರೆ ಭಕ್ತರಿಗೆ ಧೈರ್ಯ.

ಮೂರನೆಯದು ಹ್ಯಾಂಡಿಕ್ಯಾಪ್ ಎಂಬ ಸೊಗಸಾದ ಉಪಾಯ. ನಿಮ್ಮ ಇತ್ತೀಚಿನ ಆಟಗಳನ್ನು ನೋಡಿ ನಿಮಗೆ ಇಷ್ಟು ಹೊಡೆತಗಳ ವಿನಾಯಿತಿ ಎಂದು ನಿಗದಿ ಮಾಡುತ್ತಾರೆ. ನಿಮ್ಮ ಗೆಳೆಯನ ವಿನಾಯಿತಿ 5, ನಿಮ್ಮದು 20 ಎಂದಿಟ್ಟುಕೊಳ್ಳಿ. ಅವರು 78 ಹೊಡೆದರು, ನೀವು 92. ಕಳೆದರೆ ಅವರದು 73, ನಿಮ್ಮದು 72. ಗೆದ್ದವರು ನೀವು! ದೇಶಕ್ಕೊಂದು ರೀತಿ ಇದ್ದ ಈ ಲೆಕ್ಕವನ್ನು 2020ರಿಂದ ಇಡೀ ಜಗತ್ತಿಗೆ ಒಂದೇ ಪದ್ಧತಿಯಾಗಿ ಮಾಡಿದ್ದಾರೆ; ವಿನಾಯಿತಿ 54ರವರೆಗೂ ಸಿಗುತ್ತದೆ. ಎಪ್ಪತ್ತರ ಅಜ್ಜ ಹದಿನಾರರ ಮೊಮ್ಮಗಳ ಜತೆ ಸರಿಸಮನಾಗಿ ಸೆಣಸಬಹುದಾದ ಆಟಗಳು ಬಹಳ ಇಲ್ಲ. ಟೆನಿಸಿನಲ್ಲಿ ಅಜ್ಜ ಗೆದ್ದರೆ ಮೊಮ್ಮಗಳು ಬಿಟ್ಟುಕೊಟ್ಟಳೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲಿ ಯಾರೂ ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ.

ಇದೆಲ್ಲ ನಡೆಯುವುದು ಬಹುಮಟ್ಟಿಗೆ ನಂಬಿಕೆಯ ಮೇಲೆ. ಶನಿವಾರದ ಆಟಕ್ಕೆ ಅಂಪೈರಿಲ್ಲ. ತನ್ನ ತಪ್ಪನ್ನು ತಾನೇ ಹೇಳಬೇಕು. 1925ರ ಯು. ಎಸ್. ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್, ಹೊಡೆಯಲು ಅಣಿಯಾಗುವಾಗ ಚೆಂಡು ಕೂದಲೆಳೆಯಷ್ಟು ಅಲುಗಿತೆಂದು ತನಗೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಕೊನೆಗೆ ಪಂದ್ಯ ಸಮವಾಗಿ, ಮರುಆಟದಲ್ಲಿ ಸೋತ. ಹೊಗಳಲು ಬಂದವರಿಗೆ, ಬ್ಯಾಂಕು ದರೋಡೆ ಮಾಡದ್ದಕ್ಕೂ ನನ್ನನ್ನು ಹೊಗಳುವಿರಾ ಎಂಬರ್ಥದ ಉತ್ತರ ಕೊಟ್ಟನೆಂದು ಪ್ರತೀತಿ.

ನಾಲ್ಕನೆಯದು ನೆಲ. ಟೆನಿಸ್ ಅಂಕಣಕ್ಕೆ ಎಲ್ಲೆಡೆ ಒಂದೇ ಅಳತೆ. ಗಾಲ್ಫಿನ ಅಂಗಳಕ್ಕೆ ಮಾತ್ರ ಅಳತೆಯಿಲ್ಲ, ಆಯಾ ಊರಿನ ಮಣ್ಣು, ಗಾಳಿ, ಏರಿಳಿತವೇ ಎದುರಾಳಿ. ಕೊಲ್ಲಿಯ ತೈಲ ಶಿಬಿರಗಳಲ್ಲಿ ಮರಳ ಮೇಲೇ ಆಡುತ್ತಿದ್ದರು, ಆಟಗಾರರು ಅಂಗೈಯಗಲದ ಕೃತಕ ಹುಲ್ಲಿನ ಚಾಪೆಯನ್ನು ಜತೆಗೊಯ್ದು ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಿದ್ದರು. ಆ ಪ್ರದೇಶದ ಮೊದಲ ಹಸಿರು ಹುಲ್ಲಿನ ಅಂಗಳವೆಂದು ಹೆಸರಾದ ದುಬೈನ ಎಮಿರೇಟ್ಸ್ ಕ್ಲಬ್ ತೆರೆದದ್ದು 1988ರಲ್ಲಿ. ಆಸ್ಟ್ರೇಲಿಯದ ಕೂಬರ್ ಪೀಡಿಯಲ್ಲಿ ಇಂದಿಗೂ ಹುಲ್ಲಿಲ್ಲದ ನೆಲವೇ. ಅಷ್ಟೇಕೆ, 1971ರ ಫೆಬ್ರವರಿಯಲ್ಲಿ ಅಲನ್ ಶೆಪರ್ಡ್ ಚಂದ್ರನ ಮೇಲೂ ಎರಡು ಚೆಂಡು ಹೊಡೆದ. ಮೈಲುಗಟ್ಟಲೆ ಹೋಯಿತೆಂದು ಅಲ್ಲಿಂದಲೇ ಕೊಚ್ಚಿಕೊಂಡ. ಐವತ್ತು ವರ್ಷದ ಬಳಿಕ ಹಳೆಯ ಚಿತ್ರಗಳನ್ನು ಅಳೆದು ನೋಡಿದರೆ ದೂರದ್ದು ನಲವತ್ತೇ ಗಜ! ಕೊಚ್ಚಿಕೊಳ್ಳುವುದು ಆಟದ ಐದನೆಯ ಆಕರ್ಷಣೆ ಎಂದರೂ ತಪ್ಪಾಗದು.

ನಡಿಗೆಯ ಲಾಭವೂ ಉಂಟು. ಸ್ವೀಡನ್ನಿನಲ್ಲಿ ಸುಮಾರು 3 ಲಕ್ಷ ಗಾಲ್ಫಿಗರ ದಾಖಲೆ ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ವಯಸ್ಸು, ಅದೇ ಆರ್ಥಿಕ ವರ್ಗದ ಇತರರಿಗಿಂತ ಅವರ ಮರಣ ಪ್ರಮಾಣ ಶೇಕಡ 40ರಷ್ಟು ಕಡಿಮೆ ಕಂಡುಬಂತು. ಗಾಲ್ಫ್ ಆಡಿ ಗಟ್ಟಿಯಾದರೋ, ಗಟ್ಟಿಯಿದ್ದವರೇ ಗಾಲ್ಫ್ ಆಡಿದರೋ ಎಂಬ ಪ್ರಶ್ನೆ ಉಳಿಯುತ್ತದೆ, ನಿಜ. ಆದರೂ ವಾರಕ್ಕೊಮ್ಮೆ ಎಂಟು ಕಿಲೋಮೀಟರ್ ನಡೆದವರಿಗೆ ನಷ್ಟವಂತೂ ಆಗದು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಇದು ಬಹುಕಾಲ ಬಾಗಿಲು ಮುಚ್ಚಿಕೊಂಡೇ ಆಡಿದ ಆಟ. ಅಮೆರಿಕದ ವೃತ್ತಿಪರ ಗಾಲ್ಫಿಗರ ಸಂಘದ ನಿಯಮಾವಳಿಯಲ್ಲಿ ‘ಬಿಳಿಯರಿಗೆ ಮಾತ್ರ’ ಎಂಬ ಕಲಮು 1961ರವರೆಗೂ ಇತ್ತು. ಆಗಸ್ಟಾ ನ್ಯಾಷನಲ್ ಕ್ಲಬ್ ಮೊದಲ ಕಪ್ಪು ಸದಸ್ಯನನ್ನು ಸೇರಿಸಿಕೊಂಡದ್ದು 1990ರಲ್ಲಿ, ಮಹಿಳೆಯರನ್ನು 2012ರಲ್ಲಿ. ನಮ್ಮವರ ಪಾಲಿಗೆ ಎಲ್ಲಕ್ಕಿಂತ ಮನಕಲಕುವ ಕಥೆ ದಕ್ಷಿಣ ಆಫ್ರಿಕದ ಪಾಪ್ವಾ ಸೆವ್‌ಗೋಲಮ್‌ನದು. ಭಾರತೀಯ ಮೂಲದ ಬಡ ಹುಡುಗ, ಕ್ಯಾಡಿಯಾಗಿ ಬಿಳಿಯರ ಚೀಲ ಹೊತ್ತವನು. ಯಾರೂ ಕಲಿಸಲಿಲ್ಲ, ಎಡಗೈ ಕೆಳಗೆ, ಬಲಗೈ ಮೇಲೆ ಎಂದು ಎಲ್ಲರಿಗೂ ತಿರುಗುಮುರುಗಾಗಿ ಕೋಲು ಹಿಡಿಯುತ್ತಿದ್ದ. ಆ ಹಿಡಿತದಲ್ಲೇ 1959ರಲ್ಲಿ ಡಚ್ ಓಪನ್ ಗೆದ್ದ, ಆಮೇಲೆ ಇನ್ನೆರಡು ಸಲ. 1963ರಲ್ಲಿ ಡರ್ಬನ್ನಿನಲ್ಲಿ ನಟಾಲ್ ಓಪನ್ ಗೆದ್ದಾಗ ವರ್ಣಭೇದದ ಕಾನೂನಿನಂತೆ ಕ್ಲಬ್ಬಿನ ಕಟ್ಟಡದೊಳಗೆ ಅವನಿಗೆ ಪ್ರವೇಶವಿರಲಿಲ್ಲ. ಬಿಳಿಯರು ಒಳಗೆ ಬೆಚ್ಚಗೆ ನಿಂತಿದ್ದರು. ಗೆದ್ದವನಿಗೆ ಹೊರಗೆ ಮಳೆಯಲ್ಲಿ ಟ್ರೋಫಿ ಕೊಟ್ಟರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು. 1965ರಲ್ಲಿ ಗ್ಯಾರಿ ಪ್ಲೇಯರ್ ಅಂಥವನನ್ನೇ ಹಿಂದಿಕ್ಕಿ ಮತ್ತೆ ಗೆದ್ದ. ಬಳಿಕ ಸರ್ಕಾರ ಅವನಿಗೆ ಬಿಳಿಯರ ಪಂದ್ಯಗಳನ್ನೇ ನಿಷೇಧಿಸಿತು. 1978ರಲ್ಲಿ ಬಡತನದಲ್ಲೇ ತೀರಿಕೊಂಡ. ಆಟವನ್ನು ಪ್ರೀತಿಸುವವರು ಅದರ ಬಾಗಿಲು ಕಾಯುವವರನ್ನೂ ನೆನಪಿಡಬೇಕು.

ಬಾಗಿಲು ಎಲ್ಲೆಡೆ ಮುಚ್ಚಿರಲಿಲ್ಲ ಎಂಬುದೂ ಸತ್ಯ. ಆಟದ ತವರಾದ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಸಾರ್ವಜನಿಕರದು. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ, ಊರವರು ನಾಯಿ ಹಿಡಿದುಕೊಂಡು ಅಡ್ಡಾಡುತ್ತಾರೆ. ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಸರ್ಕಾರದ ಪಾರ್ಕಿನೊಳಗಿನ ಅಂಗಳ. 2002 ಮತ್ತು 2009ರ ಯು. ಎಸ್. ಓಪನ್ ಅಲ್ಲೇ ನಡೆಯಿತು. ಅಲ್ಲಿ ಸರದಿ ಹಿಡಿಯಲು ಜನ ರಾತ್ರಿ ಕಾರಿನಲ್ಲೇ ಮಲಗುವುದು ಹೆಸರುವಾಸಿ; ತಿರುಪತಿ ಕ್ಯೂ ಕಂಡವರಿಗೆ ಇದೇನೂ ಹೊಸದಲ್ಲ. ಬೆಂಗಳೂರಿನಲ್ಲಿ ಬ್ರಿಟಿಷರು 1876ರಲ್ಲಿ ತಮಗಾಗಿ ಗಾಲ್ಫ್ ಕ್ಲಬ್ ಕಟ್ಟಿಕೊಂಡರು. ಅದೇ ಬೆಂಗಳೂರಿನ ಅದಿತಿ ಅಶೋಕ್, ಐದಾರು ವರ್ಷದವಳಿದ್ದಾಗ ತಿಂಡಿ ತಿನ್ನಲು ಹೋದ ಹೋಟೆಲಿನಿಂದ ಎದುರಿನ ಗಾಲ್ಫ್ ಅಭ್ಯಾಸದ ಅಂಗಳ ಕಂಡು ಮೋಹಗೊಂಡವಳು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದಳು. ಚೀಲ ಹೊತ್ತು ಜತೆ ನಡೆದ ಕ್ಯಾಡಿ, ಅವಳ ಅಮ್ಮ. ಅಂದು ಗಾಲ್ಫಿನ ಗಂಧಗಾಳಿ ಇಲ್ಲದ ಕನ್ನಡಿಗರೂ ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು.

ಇನ್ನು ನಮ್ಮವರ ಮಾತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬಂದವರು ಈಗ ನಿವೃತ್ತರು. ಮಕ್ಕಳು ಬೇರೆ ಊರಲ್ಲಿ, ಅಣ್ಣತಮ್ಮಂದಿರು ಬೇರೆ ಖಂಡದಲ್ಲಿ. ನಮ್ಮ ಗಂಡಸರಿಗೆ ಎದುರುಬದುರು ಕೂತು ಮನಸ್ಸು ಬಿಚ್ಚುವ ಅಭ್ಯಾಸ ಕಡಿಮೆ. “ಹೇಗಿದ್ದೀರಿ?” “ಚೆನ್ನಾಗಿದ್ದೀನಿ.” ಅಲ್ಲಿಗೆ ಮುಗಿಯಿತು. ಗಾಲ್ಫ್ ಅಂಗಳದಲ್ಲಿ ನಾಲ್ಕು ಗಂಟೆ ಅಕ್ಕಪಕ್ಕ ನಡೆಯುತ್ತಾರೆ. ಮಾತು ಬೇಕೆಂದರೆ ಮಾತು, ಬೇಡವೆಂದರೆ ಹುಡುಕಲು ಚೆಂಡಿದೆ. ಹನ್ನೆರಡನೆಯ ಗುಳಿಯ ಹೊತ್ತಿಗೆ, ಕಣ್ಣು ಹುಲ್ಲಿನ ಮೇಲೇ ಇಟ್ಟುಕೊಂಡು, “ಮೊನ್ನೆ ಡಾಕ್ಟರು ಇನ್ನೊಂದು ಟೆಸ್ಟ್ ಮಾಡಿಸಬೇಕು ಅಂದ್ರು” ಎಂಬ ಮಾತು ಹೊರಬೀಳುತ್ತದೆ. ಜತೆಯವರು ಚೆಂಡು ಹುಡುಕುವುದನ್ನು ನಿಲ್ಲಿಸುತ್ತಾರೆ. ಹಳ್ಳಿಯ ಜಗಲಿಕಟ್ಟೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಹುಲ್ಲುಗಾವಲು ಮಾಡುತ್ತಿದೆ. ಜನ ಗಾಲ್ಫನ್ನು ಪ್ರೀತಿಸಲು ಮೇಲೆ ಹೇಳಿದ ಕಾರಣಗಳೆಲ್ಲ ನಿಜವೇ, ಆದರೆ ನನಗೆ ದೊಡ್ಡದಾಗಿ ಕಾಣುವುದು ಇದು.

ಹಾಗೆಂದು ಎಲ್ಲರೂ ನಾಳೆಯೇ ಸಾವಿರ ಡಾಲರಿನ ಕೋಲು ಕೊಳ್ಳಬೇಕಿಲ್ಲ. ಹತ್ತಿರದ ಮುನಿಸಿಪಲ್ ಅಂಗಳದಲ್ಲಿ ಒಂದು ಬುಟ್ಟಿ ಚೆಂಡು, ಬಾಡಿಗೆಗೊಂದು ಕೋಲು ಸಾಕು. ನಿಟ್ಟುಸಿರು ಬಿಡುವವರೂ ಒಮ್ಮೆ ಜತೆಗೆ ಹೋಗಿ ಬನ್ನಿ. ಹೆಂಗಸರ ಹೊಡೆತಕ್ಕೂ ಚೆಂಡು ಅಷ್ಟೇ ಚೆಂದವಾಗಿ ಹಾರುತ್ತದೆ. ಕಾರ್ಯಕಾರಿ ಸಮಿತಿಗೂ ಒಂದು ವಿನಂತಿ: ಬೇಸಗೆಯ ಓದಿನ ಕೂಟವನ್ನು ಬೆಳಗಿನ ಬದಲು ಸಂಜೆ ನಾಲ್ಕಕ್ಕೆ ಇಟ್ಟರೆ ಗಾಲ್ಫಿಗರೂ ಬರುತ್ತಾರೆ, ದಣಿದಿರುತ್ತಾರಾದ್ದರಿಂದ ಉಪನ್ಯಾಸದ ನಡುವೆ ಪ್ರಶ್ನೆಯನ್ನೂ ಕೇಳುವುದಿಲ್ಲ.