ಹೊಲದ ಸರ್ವೆ ನಂಬರ್ ಫೋನಿಗೆ ಗೊತ್ತಾಗುವುದು ಹೇಗೆ?

ಹೊಲದಲ್ಲಿ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ, ನಿಂತ ಜಾಗದ ಸರ್ವೆ ನಂಬರ್ ಪರದೆಯ ಮೇಲೆ ಬರುತ್ತದೆ. ಇದನ್ನು ರೂಪಿಸಿದ್ದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ.

ಇಲ್ಲಿ ಫೋನಿನ ಕೆಲಸ ಇಷ್ಟೇ: ಉಪಗ್ರಹಗಳ ಸಂಕೇತ ಹಿಡಿದು ಅಕ್ಷಾಂಶ, ರೇಖಾಂಶ ಲೆಕ್ಕ ಹಾಕುವುದು. ಆ ಬಿಂದು ಯಾವ ಸರ್ವೆ ನಂಬರಿನ ಗಡಿಯೊಳಗೆ ಬೀಳುತ್ತದೆ ಎಂದು ಹುಡುಕುವುದು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ.

ನಿಜವಾದ ಶ್ರಮ ಇರುವುದು ಆ ಗಡಿಗಳನ್ನು ಕೂರಿಸುವುದರಲ್ಲಿ. ಹಳೆಯ ಗ್ರಾಮ ನಕಾಶೆಗಳು ಸರಪಳಿ ಹಿಡಿದು ಅಳೆದು, ಕಾಗದದ ಮೇಲೆ ಬರೆದವು. ಅವನ್ನು ಸ್ಕ್ಯಾನ್ ಮಾಡಿ, ಒಂದೊಂದು ಗಡಿಗೆರೆಯನ್ನೂ ಕಂಪ್ಯೂಟರಿನಲ್ಲಿ ಮತ್ತೆ ಎಳೆಯಬೇಕು. ಕೆರೆ ಏರಿ, ರಸ್ತೆ ಕೂಡುವ ಜಾಗ, ಮೂರು ಊರುಗಳ ಗಡಿ ಸೇರುವ ಕಲ್ಲು, ಇಂಥ ಗುರುತುಗಳಿಗೆ ನೆಲದ ಮೇಲಿನ ನಿಜವಾದ ಸ್ಥಾನವನ್ನು ಹೊಂದಿಸಬೇಕು. ಹಳೆಯ ಕಾಗದ ಒಂದು ಕಡೆ ಹಿಗ್ಗಿದ್ದರೆ ಗೆರೆಯೂ ಅಷ್ಟು ಸರಿಯುತ್ತದೆ.

ಇನ್ನು ಫೋನಿನ ಜಿಪಿಎಸ್. ಬಯಲಿನಲ್ಲೂ ಅದು ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. ಅಡಿಕೆ ತೋಟದೊಳಗೆ ಇನ್ನೂ ಹೆಚ್ಚು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 10 ಮೀಟರಿನ ಚೌಕ. ಅಂದರೆ ವ್ಯತ್ಯಾಸವೇ ಅರ್ಧ ಗುಂಟೆಯ ಅಗಲ! ಬದುವಿನ ಬಳಿ ನಿಂತಾಗ ಪಕ್ಕದ ಸರ್ವೆ ನಂಬರ್ ಬರುವುದಕ್ಕೆ ಇದೂ ಒಂದು ಕಾರಣ.

ಜಮೀನು ಕೊಳ್ಳುವ ಮೊದಲು ಆ ಜಾಗ ಕೆರೆಯದೋ, ಗೋಮಾಳದ್ದೋ ಎಂದು ನೋಡಿಕೊಳ್ಳಲು ಈ ಆ್ಯಪ್ ಬಹಳ ಉಪಯುಕ್ತ. ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸುವುದಕ್ಕೆ ಮಾತ್ರ ಅರ್ಜಿ ಕೊಟ್ಟು, ಭೂಮಾಪಕರಿಂದಲೇ ಅಳತೆ ಮಾಡಿಸಬೇಕು.