ಬರೆದವರ ಹೆಸರಿದೆ, ನೋಡಿದವರದ್ದು?

ನಾವು ನಾಲ್ವರು: ಸಾಗರದ ಇಬ್ಬರು, ತೀರ್ಥಹಳ್ಳಿಯ ಗೆಳತಿ, ಹೊಸನಗರದ ನಾನು. ಬಿ.ಇ. ಮೂರನೇ ವರ್ಷದ ಮಿನಿ ಪ್ರಾಜೆಕ್ಟ್‌ಗೆ ಅಡಿಕೆ ಸುಲಿಯುವವರ ಕೂಲಿ ಲೆಕ್ಕದ ಆ್ಯಪ್ ಮಾಡುತ್ತಿದ್ದೆವು. ಮೊದಲ ಡೆಮೊದಲ್ಲೇ ಮೊತ್ತ ತಪ್ಪು ಬಂತು. ತಪ್ಪು ಸಾಲು ಬರೆದವನು ನಾನೇ ಎಂದು ಗಿಟ್ ಕ್ಷಣದಲ್ಲಿ ತೋರಿಸಿತು. ಅದನ್ನು ಪರಿಶೀಲಿಸಿದವರು ಯಾರು? ಯಾರಿಗೂ ನೆನಪಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ‘ಓಕೆ’ ಅಂದಿದ್ದರಷ್ಟೇ.

ಊರಿಗೆ ಹೋದಾಗ ಅಪ್ಪಯ್ಯನ ಲೆಕ್ಕದ ಪುಸ್ತಕ ತೆರೆದೆ. ಸುಲಿದವರ ಹೆಸರು, ಎಷ್ಟು ಡಬ್ಬ, ಪಕ್ಕದಲ್ಲೇ ಅಳೆದವರ ಹೆಸರು! ಲಿನಕ್ಸ್ ಕರ್ನಲ್‌ನಲ್ಲೂ ಇಂಥದ್ದೇ ಪದ್ಧತಿ. ಬದಲಾವಣೆಯ ಟಿಪ್ಪಣಿಯ ಕೊನೆಗೆ ‘ರಿವ್ಯೂಡ್-ಬೈ’ ಎಂದು ಪರಿಶೀಲಿಸಿದವರ ಹೆಸರು ಹಾಕುತ್ತಾರೆ. ನಾವೂ ಹಾಗೇ ಶುರುಮಾಡಿದೆವು.

ಹೆಸರು ಬರೆದ ಮಾತ್ರಕ್ಕೆ ತಪ್ಪು ನಿಲ್ಲುವುದಿಲ್ಲ. 2014ರಲ್ಲಿ ಬಯಲಾದ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಪರಿಶೀಲಿಸಿದವರ ಕಣ್ಣನ್ನೂ ತಪ್ಪಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದಿತ್ತು. ಆದರೆ ನನ್ನ ಹೆಸರು ಬೀಳುತ್ತದೆ ಎಂದ ಮೇಲೆ ನಾನಂತೂ ಓದದೆ ‘ಓಕೆ’ ಅಂದಿಲ್ಲ.

ಸೆಮಿಸ್ಟರ್ ಕೊನೆಗೆ ಎಣಿಸಿದೆವು. 41 ಬದಲಾವಣೆಗಳಲ್ಲಿ 26ನ್ನು ನೋಡಿದವಳು ತೀರ್ಥಹಳ್ಳಿಯ ಗೆಳತಿ. ‘ಅವಳು ಕೋಡ್ ಬರೆಯೋದೇ ಕಡಿಮೆ’ ಎಂದು ಹಗುರವಾಗಿ ಆಡಿಕೊಂಡಿದ್ದವರು ನಾವೇ. ನಮ್ಮ ಎಷ್ಟೋ ತಪ್ಪುಗಳನ್ನು ಡೆಮೊಗೆ ಮುಂಚೆಯೇ ಹಿಡಿದವಳು ಅವಳು. ತಪ್ಪಿತಸ್ಥರನ್ನು ಹುಡುಕಲು ಇಟ್ಟ ಲೆಕ್ಕ, ಕಾಣದೇ ದುಡಿದವಳನ್ನು ತೋರಿಸಿತು.

ವರದಿಯಲ್ಲಿ ಬರೆದವರ ಪಟ್ಟಿಯ ಪಕ್ಕ ಪರಿಶೀಲಿಸಿದವರ ಪಟ್ಟಿಯನ್ನೂ ಸೇರಿಸಿದೆವು. ಅವಳು ನೋಡಿ, ‘ಈಗ ಕಂಡ್ತಾ ಮಾರಾಯ?’ ಎಂದು ನಕ್ಕಳು.

ನಿಮ್ಮ ತಂಡದಲ್ಲೂ ಒಮ್ಮೆ ಎಣಿಸಿ ನೋಡಿ.